ಶಿಬಿರದಲ್ಲಿ ಬೆರಳು ಚುಚ್ಚಿದ್ರೆ ಸಾಲದು, ಮೂರು ತಿಂಗಳು ಬಿಟ್ಟು ಮತ್ತೆ ಕರೀರಿ

ಸಂಪಾದಕರಿಗೆ ನಮಸ್ಕಾರ,

ಮುಂಬೈಯ ನಮ್ಮ ಸಂಘಗಳ ಆರೋಗ್ಯ ಶಿಬಿರದ ಸುದ್ದಿ ನಿಮ್ಮ ಪೇಪರಲ್ಲಿ ಆಗಾಗ ಬರ್ತಾ ಇರುತ್ತೆ, ದೀಪ ಬೆಳಗೋ ಫೋಟೋ, ಇಷ್ಟು ಜನ ಪ್ರಯೋಜನ ಪಡ್ಕೊಂಡ್ರು ಅಂತ. ನಾನು ಭಾಂಡುಪ್‌ನಲ್ಲಿ ಒಂದು ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸ ಮಾಡೋಳು, ರಜಾ ದಿನ ಇಂಥ ಶಿಬಿರಗಳಿಗೂ ಹೋಗ್ತೀನಿ. ಶಿಬಿರ ನಡೀಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಶುಗರ್ ನೋಡೋ ರೀತಿ ಬದಲಾಗ್ಬೇಕು ಅನ್ನೋದಕ್ಕೇ ಈ ಪತ್ರ.

ಏನಾಗುತ್ತೆ ಅಂದ್ರೆ, ಜನ ಹಾಲಿಗೆ ಬಂದು ಉಪ್ಪಿಟ್ಟು ಶೀರಾ ಚಾ ಎಲ್ಲ ಮುಗಿಸಿ ಹನ್ನೊಂದು ಗಂಟೆಗೆ ಲೈನಲ್ಲಿ ನಿಲ್ತಾರೆ, ನಾವು ಬೆರಳು ಚುಚ್ತೀವಿ, ಮೆಷಿನಲ್ಲಿ 138 ಬರುತ್ತೆ, ಸರಿ ಇದೆ ಹೋಗಿ ಅಂತ ಕಳಿಸ್ತಾರೆ. ಪ್ರೀಡಯಾಬಿಟಿಸ್, ಅಂದ್ರೆ ಶುಗರ್ ಮಾಮೂಲಿಗಿಂತ ಜಾಸ್ತಿ ಆದ್ರೆ ಡಯಾಬಿಟಿಸ್ ಅನ್ನೋಷ್ಟಿಲ್ಲದ ಹಂತ, ಇದ್ಯೋ ಇಲ್ವೋ ಅಂತ ಅದ್ರಿಂದ ಹೇಳೋಕೇ ಆಗಲ್ಲ. ಅದಕ್ಕೆ ರಾತ್ರಿ ಊಟ ಆಗಿ ಎಂಟು ಗಂಟೆ ಕಳೆದ ಮೇಲೆ ಚಾ ಕೂಡ ಕುಡೀದೆ ಕೊಟ್ಟ ರಕ್ತ ಬೇಕು, 100 ರಿಂದ 125 ಬಂದ್ರೆ ಪ್ರೀಡಯಾಬಿಟಿಸ್. ಇಲ್ಲಾಂದ್ರೆ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ, ಇದಕ್ಕೆ ಹಸಿದಿರ್ಬೇಕಂತಿಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತೆ, 5.7 ರಿಂದ 6.4 ಬಂದ್ರೆ ಅದೇ ಲೆಕ್ಕ. ರಕ್ತಹೀನತೆ ಇರೋರಿಗೆ ಈ ಎರಡನೇದು ತಪ್ಪು ತೋರಿಸ್ಬಹುದು, ಅದಕ್ಕೆ ರಕ್ತಹೀನತೆ ಹೆಚ್ಚಾಗಿ ಕಾಣೋ ಹೆಂಗಸರು ಡಾಕ್ಟರ್ ಹತ್ರ ಎರಡೂ ಕೇಳಿ ಮಾಡಿಸ್ಕೊಳ್ಳೋದು ವಾಸಿ. ಬಸುರಿಯಲ್ಲಿ ಶುಗರ್ ಬಂದು ಆಮೇಲೆ ಹೋಯ್ತು ಅಂತಾರಲ್ಲ, ಅಂಥವರಂತೂ ಜೀವನಪೂರ್ತಿ ಆಗಾಗ ನೋಡಿಸ್ತಾನೇ ಇರ್ಬೇಕು.

ಮೊನ್ನೆ ನಮ್ಮೂರ ಕಡೆಯವರೊಬ್ಬರು, ಹೋಟೆಲ್ ಗಲ್ಲಾದಲ್ಲಿ ಕೂತ್ಕೊಳ್ಳೋರು, ರಿಪೋರ್ಟ್ ತಗೊಳ್ಳೋಕೆ ಬಂದ್ರು. ಎಚ್‌ಬಿಎ1ಸಿ 6.1. "ಬಾರ್ಡರ್ ಅಲ್ವಾ ಅಕ್ಕ, ದಾಟಿಲ್ಲ ತಾನೇ" ಅಂದು ಖುಷಿಯಿಂದ ಮಡಚಿ ಶರ್ಟ್ ಜೇಬಿಗೆ ಇಟ್ಕೊಂಡ್ರು. ನೋಡೋಕೆ ಸಣ್ಣ ಆಳು, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ನಮ್ಮಲ್ಲಿ ಹೀಗೇ, ಕೈಕಾಲು ತೆಳ್ಳಗಿದ್ರೂ ಹೊಟ್ಟೆ ಸುತ್ತ ಕೊಬ್ಬು ಸೇರುತ್ತೆ, ರಕ್ತದ ಸಕ್ಕರೆ ಹತೋಟಿಲಿಡೋ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಇರೋಕೆ ಅದೂ ಒಂದು ಕಾರಣ, ಅದಕ್ಕೇ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರ್ದು ಅಂತಾರೆ. ಶಿಬಿರದಲ್ಲಿ ಒಂದು ಅಳತೆ ಟೇಪ್ ಇಡೋಕೆ ಏನು ಖರ್ಚು ಹೇಳಿ.

ಬಾರ್ಡರ್ ಅಂತ ನಿರಾಳ ಆಗೋದೇ ನಂಗೆ ತುಂಬಾ ಸಂಕಟ ಕೊಡೋದು. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅನ್ನೋ ದೇಶವ್ಯಾಪಿ ಡಯಾಬಿಟಿಸ್ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಡಯಾಬಿಟಿಸ್ ಇರೋರು 10.1 ಕೋಟಿ, ಪ್ರೀಡಯಾಬಿಟಿಸ್ ಇರೋರು 13.6 ಕೋಟಿ. ಇದು ತಡೆಯೋಕೆ ಆಗೋ ಹಂತ. ಅಮೆರಿಕದಲ್ಲಿ ನಡೆದು 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಊಟ ತಿದ್ಕೊಂಡು ತೂಕ ನೂರಕ್ಕೆ ಏಳರಷ್ಟು ಇಳಿಸೋ ಗುರಿ, ಇಷ್ಟ್ರಿಂದಲೇ ಡಯಾಬಿಟಿಸ್ ಆಗೋ ಸಾಧ್ಯತೆ ಶೇ. 58 ಕಮ್ಮಿ ಆಯ್ತು, ಶುಗರ್ ಇಳಿಸೋ ಮೆಟ್‌ಫಾರ್ಮಿನ್ ಮಾತ್ರೆಯಿಂದ ಆಗಿದ್ದು ಶೇ. 31. ಚೆನ್ನೈ ಕಡೆ ನಮ್ಮ ಜನರ ಮೇಲೇ ನಡೆದ ಅಧ್ಯಯನ 2006ರಲ್ಲಿ ಬಂತು, ಅದ್ರಲ್ಲಿ ಊಟ-ನಡಿಗೆಯಿಂದ ಸುಮಾರು ಶೇ. 28 ಕಮ್ಮಿ, ಅದೂ ತೂಕ ಹೇಳಿಕೊಳ್ಳೋ ಹಾಗೆ ಇಳೀದೇ ಇದ್ರೂ.

ಆದ್ರೆ ನಮ್ಮ ಹೋಟೆಲ್ ಹುಡುಗರಿಗೆ "ಬೆಳಿಗ್ಗೆ ವಾಕಿಂಗ್ ಹೋಗಿ" ಅಂದ್ರೆ ಆಗೋ ಮಾತಾ? ಅವರು ಎದ್ದು ಕೆಲಸ ಶುರು ಮಾಡೋ ಹೊತ್ತಿಗೆ ಇನ್ನೂ ಕತ್ತಲೆ, ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿ ಶಟರ್ ಎಳೆದ ಮೇಲೆ ಹನ್ನೊಂದು ಗಂಟೆಗೆ ತಟ್ಟೆ ತುಂಬಾ ಅನ್ನ ಉಂಡು ಅಲ್ಲೇ ಮಲಗೋದು. ಅವರಿಗೆ ಹೇಳ್ಬೇಕಾದ್ದು, ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿ ಅಂತ, ನಡೆಯೋವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನ ಎಳ್ಕೊಳ್ತವೆ. ಅನ್ನ ಅರ್ಧ ಮಾಡಿ ಆ ಜಾಗಕ್ಕೆ ಪಲ್ಯ, ಹುರುಳಿ ಸಾರು, ಮೊಟ್ಟೆನೋ ಬಂಗುಡೆನೋ, ಇದೆಲ್ಲ ಹೋಟೆಲ್ ಅಡುಗೆಮನೇಲಿ ಸಿಗದ್ದೇನಲ್ಲ. ದಿನಕ್ಕೆಷ್ಟೋ ಸಲ ಹೋಗೋ ಚಾದ ಸಕ್ಕರೆ ಬಿಡ್ಬೇಕು, ಬೆಲ್ಲ ಹಾಕಿದ್ರೆ ಏನೂ ಆಗಲ್ಲ ಅನ್ನೋದು ಸುಳ್ಳು, ಅದೂ ಸಕ್ಕರೆನೇ. ನಾಚಣಿ (ರಾಗಿ) ಗಂಜಿ ಒಳ್ಳೇದು ಅಂತ ಲೋಟಗಟ್ಟಲೆ ಕುಡಿಯೋರಿದ್ದಾರೆ, ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಯಿಂದ ಶುಗರ್ ಬೇಗ ಏರುತ್ತೆ, ಅದಕ್ಕಿಂತ ಜೋಳದ ಭಾಕ್ರಿ ಕಾಳು ಪಲ್ಯ ಜೊತೆ ತಿನ್ನಿ.

ಮನೇಲಿ ಶುಗರ್ ನೋಡೋ ಮೆಷಿನ್, ಗ್ಲುಕೋಮೀಟರ್, ಇರೋರು ದಿನಾ ಚುಚ್ಕೊಂಡು ಹೆದರೋದು ಬೇಡ. ಯಾವ ಊಟಕ್ಕೆ ಎಷ್ಟು ಏರುತ್ತೆ ಅಂತ ತಿಳಿಯೋಕೆ ಊಟಕ್ಕೆ ಮುಂಚೆ ಒಂದ್ಸಲ, ಊಟ ಶುರು ಮಾಡಿ ಎರಡು ಗಂಟೆಗೆ ಒಂದ್ಸಲ, ಅಷ್ಟು ಸಾಕು. ಕೈ ತೊಳೆದು ಒರೆಸ್ಕೊಂಡು ಚುಚ್ಚಿ, ಮಾವಿನಹಣ್ಣು ಹೆಚ್ಚಿದ ಬೆರಳಲ್ಲಿ ನೋಡಿದ್ರೆ ಮೆಷಿನ್ ಸುಮ್ಮನೆ ಜಾಸ್ತಿ ತೋರಿಸುತ್ತೆ. ಡಾಕ್ಟರ್ ಮಾತ್ರೆ ಬರೆದಿದ್ರೆ ಅವರನ್ನ ಕೇಳ್ದೆ ನಿಲ್ಲಿಸ್ಬೇಡಿ.

ಸಂಘದವರಲ್ಲಿ ನನ್ನ ಕೋರಿಕೆ ಇಷ್ಟು. ಶಿಬಿರ ಬೆಳಿಗ್ಗೆ ಏಳಕ್ಕೇ ಶುರು ಮಾಡಿ, ತಿಂಡಿ ರಕ್ತ ಕೊಟ್ಟಾದ ಮೇಲೆ ಕೊಡಿ, ಆ ತಿಂಡೀಲಿ ಶೀರಾ ಬಿಟ್ಟು ಉಸುಳಿ ಇಡಿ. ಮೆಷಿನಲ್ಲಿ 100 ಇಲ್ಲಾ ಅದಕ್ಕಿಂತ ಜಾಸ್ತಿ ಬಂದವರ ಹೆಸರು ಫೋನ್ ನಂಬರ್ ಬರ್ಕೊಂಡು ಲ್ಯಾಬಿಗೆ ಕಳಿಸಿ ಖಾತ್ರಿ ಮಾಡಿಸಿ, ದುಡ್ಡಿನ ತೊಂದರೆ ಇದ್ರೆ ಮಹಾನಗರ ಪಾಲಿಕೆಯ ಆಪ್ಲಾ ದವಾಖಾನಾದಲ್ಲಿ ರಕ್ತ ಪರೀಕ್ಷೆ ಪುಕ್ಕಟೆ ಇದೆ. ಮೂರು ತಿಂಗಳಾದ ಮೇಲೆ ಅವರನ್ನೇ ಮತ್ತೆ ಕರೀರಿ. ಮತ್ತೆ ಸಂಪಾದಕರೇ, ಶಿಬಿರದ ಸುದ್ದಿ ಹಾಕೋವಾಗ ಎಷ್ಟು ಜನ ಬಂದ್ರು ಅನ್ನೋದ್ರ ಜೊತೆ ಎರಡನೇ ತಪಾಸಣೆ ಯಾವ ತಾರೀಕು, ಎಲ್ಲಿ ಅಂತಾನೂ ಸಂಘದವರನ್ನ ಕೇಳಿ ಪ್ರಿಂಟ್ ಮಾಡಿ.

ಇಂತಿ,
ಒಬ್ಬ ಓದುಗಿ, ಭಾಂಡುಪ್, ಮುಂಬೈ