ಸಾವಿರ ದಿನದ ಚಿತ್ರಪಟ್ಟಿಗೆ ಕೈಜೋಡಿಸಿದವರಿಗೆ

ಇವತ್ತಿನ ಪತ್ರಿಕೆಯಲ್ಲಿ ಬಂದದ್ದು ನಮ್ಮ ಚಿತ್ರಪಟ್ಟಿಯ (ಕಾಮಿಕ್ ಸ್ಟ್ರಿಪ್) ಸಾವಿರನೆಯ ಕಂತು. ಮೂಲೆಯಲ್ಲಿ ಇರುವುದು ಎರಡೇ ಸಹಿ: ಮಾತು ಬರೆದವರದೊಂದು, ಚಿತ್ರ ಬರೆದವರದೊಂದು. ಚಿತ್ರ ಬರೆಯುವ ಹಲಗೆಯಿಂದ ಹೊರಟ ಗೆರೆ ಓದುಗರ ಕೈಗೆ ಗೆರೆಯಾಗಿಯೇ ತಲುಪುವಂತೆ ನೋಡಿಕೊಂಡವರ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ಈ ಬರಹ ಅವರಿಗಾಗಿ.

ಮೊದಲ ನಮಸ್ಕಾರ ಅಕ್ಷರ ಬರೆದುಕೊಟ್ಟವರಿಗೆ. ಪಟ್ಟಿಯಲ್ಲಿ ಚಿತ್ರಕ್ಕಿಂತ ಮುಂಚೆ ಮಾತು ಕೂರಬೇಕು. ಜಾಗ ಬಿಡದೆ ಚಿತ್ರ ಮುಗಿಸಿದರೆ ಮಾತಿನ ಗುಳ್ಳೆ ಪಾತ್ರದ ತಲೆಯ ಮೇಲೇ ಬಂದು ಕೂರುತ್ತದೆ. ನಮ್ಮ ಮೂಲಪ್ರತಿ 13 ಇಂಚು ಅಗಲ, 4 ಇಂಚು ಎತ್ತರ. ಅಚ್ಚಾಗುವುದು 6 ಇಂಚು ಅಗಲಕ್ಕೆ. ಅಷ್ಟು ಕುಗ್ಗುವಾಗ ಮೊದಲು ಪೆಟ್ಟು ತಿನ್ನುವುದು ಒತ್ತಕ್ಷರ. ‘ರಾಷ್ಟ್ರ’ ಎಂಬ ಮಾತನ್ನೇ ನೋಡಿ: ‘ಷ’ದ ಕೆಳಗೆ ‘ಟ’ದ ಒತ್ತು, ಅದಕ್ಕೆ ಅಂಟಿಕೊಂಡು ‘ರ’ದ ಒತ್ತು. ಸಾಲುಗಳ ನಡುವೆ ಹೆಚ್ಚುಕಡಿಮೆ ಒಂದು ಅಕ್ಷರದ ಎತ್ತರ ಬಿಡದಿದ್ದರೆ, ಅದು ಕೆಳಸಾಲಿನ ಗುಡಿಸಿಗೆ ತಗಲಿ ಎರಡೂ ಮಸಿಯ ಮುದ್ದೆಯಾಗುತ್ತವೆ. ಸಾವಿರ ದಿನ ಆ ಅಂತರ ಕಾದವರಿಗೆ ಎಷ್ಟು ವಂದಿಸಿದರೂ ಸಾಲದು.

ಸಂಪಾದಕರು ಚಿತ್ರವನ್ನು ಮುಟ್ಟಲಿಲ್ಲ, ಮಾತನ್ನು ಕತ್ತರಿಸಿದರು. ಕೊನೆಯ ಚೌಕಟ್ಟಿನ ನಗು ಮೂರನೆಯದರಲ್ಲೇ ಸೋರಿಹೋಗುತ್ತಿದ್ದರೆ, ಮೂರನೆಯದರ ಮಾತನ್ನೇ ತೆಗೆಸಿ ಪಾತ್ರವನ್ನು ಸುಮ್ಮನೆ ನಿಲ್ಲಿಸಿದರು. ಆ ಮೌನದ ಚೌಕಟ್ಟು ಬಂದಲ್ಲೆಲ್ಲ ಪಟ್ಟಿ ಗೆದ್ದಿದೆ.

ಇನ್ನು ಸ್ಕ್ಯಾನಿಂಗ್ ಮತ್ತು ಪುಟವಿನ್ಯಾಸದವರು. ನಿಬ್ಬಿನಲ್ಲಿ 0.2 ಮಿ.ಮೀ. ದಪ್ಪ ಎಳೆದ ಗೆರೆ ಅಚ್ಚಿಗೆ ಬರುವಾಗ 0.1 ಮಿ.ಮೀ.ಗಿಂತ ತೆಳ್ಳಗಾಗಿ ಅಲ್ಲಲ್ಲಿ ಮುರಿಯುತ್ತದೆ. ನೆರಳಿಗೆಂದು ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳ ಕಥೆ ತದ್ವಿರುದ್ಧ: ಪತ್ರಿಕೆಯ ಕಾಗದ ಮಸಿ ಹೀರಿಕೊಂಡು ಹರಡುವುದರಿಂದ ನಡುವಿನ ಬಿಳಿ ಮುಚ್ಚಿ, ನೆರಳು ಕಪ್ಪು ಕಲೆಯಾಗುತ್ತದೆ. ಎರಡನ್ನೂ ನಮಗೆ ತೋರಿಸಿಕೊಟ್ಟವರು ಇವರೇ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ಬೂದು ಛಾಯೆಗಳಿಲ್ಲದ ಅಪ್ಪಟ ಕಪ್ಪು-ಬಿಳುಪಿನ ಲೈನ್ ಆರ್ಟ್ ಆಗಿಯೇ ಸ್ಕ್ಯಾನ್ ಮಾಡಿದರು. ಬೂದು ಛಾಯೆಗಳಿರುವ ಗ್ರೇಸ್ಕೇಲ್ ಆಗಿ ಹೋಗಿದ್ದರೆ ಗೆರೆಯ ಅಂಚು ಚುಕ್ಕಿಗಳಾಗಿ ಒಡೆದು ಮಂಕಾಗುತ್ತಿತ್ತು. ಭಾನುವಾರದ ಬಣ್ಣದ ಪಟ್ಟಿಯಲ್ಲಂತೂ ಅಕ್ಷರಗಳು ಕಪ್ಪು ಮಸಿಯೊಂದರಲ್ಲೇ ಇವೆಯೇ ಎಂದು ಪ್ರತಿ ಸಲ ತೆರೆದು ನೋಡಿದರು. ಕಪ್ಪು ಬಣ್ಣದ ಅಚ್ಚಿನ ನಾಲ್ಕೂ ಮಸಿಗಳಲ್ಲಿ (ನೀಲಿ, ಕೆಂಪು, ಹಳದಿ, ಕಪ್ಪು) ಹಂಚಿಹೋದರೆ, ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಾಕು, ಅಕ್ಷರದ ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ನೀಲಿ. ಜಾಹೀರಾತು ಬಂದು ಜಾಗ ಕಿರಿದಾದ ದಿನಗಳಲ್ಲೂ ಪಟ್ಟಿಯನ್ನು ಅಗಲದಲ್ಲಿ ಮಾತ್ರ ಹಿಂಡಿ ಮುಖಗಳನ್ನು ಸೋರೆಕಾಯಿ ಮಾಡಲಿಲ್ಲ. ಇದೂ ಸಣ್ಣ ಉಪಕಾರವಲ್ಲ.

ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಟ್ಜ್ 1950ರಿಂದ ಸುಮಾರು 50 ವರ್ಷ ‘ಪೀನಟ್ಸ್’ ಪಟ್ಟಿಯ ಮಾತು, ಚಿತ್ರ, ಅಕ್ಷರ ಎಲ್ಲವನ್ನೂ ಸಹಾಯಕರಿಲ್ಲದೆ ತಾವೇ ಮಾಡಿದವರು. ಅವರೂ 2000ದ ಫೆಬ್ರವರಿ 13ರಂದು ಬಂದ ಕೊನೆಯ ಪಟ್ಟಿಯಲ್ಲಿ ಸಂಪಾದಕರನ್ನು, ಓದುಗರನ್ನು ನೆನೆದರು. ಪತ್ರಿಕೆ ಮನೆಮನೆ ತಲುಪುವ ಹಿಂದಿನ ರಾತ್ರಿಯೇ ಅವರು ತೀರಿಕೊಂಡಿದ್ದರು. ಒಬ್ಬರೇ ಕೂತು ಬರೆದವರಿಗೂ ಅಷ್ಟು ಜನರ ಋಣವಿತ್ತು.

ಪ್ರೆಸ್ಸಿನವರಿಗೆ, ನಸುಕಿನಲ್ಲಿ ಪತ್ರಿಕೆ ಹಾಕುವವರಿಗೆ ನಮ್ಮ ನಮಸ್ಕಾರ.

ಕೊನೆಗೆ ಓದುಗರು. ಎರಡನೆಯ ಚೌಕಟ್ಟಿನಲ್ಲಿ ಎಡಗೈಯಲ್ಲಿದ್ದ ಲೋಟ ಮೂರನೆಯದರಲ್ಲಿ ಬಲಗೈಗೆ ಹೋದದ್ದನ್ನು, ಅಜ್ಜನ ಕನ್ನಡಕ ಇಡೀ ವಾರ ಕಾಣೆಯಾದದ್ದನ್ನು ಹಿಡಿದವರು ನೀವೇ. ಒಂದೇ ದಿನದ ಚೌಕಟ್ಟುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಬರೆದಾಗ ಇಂಥವು ನುಸುಳುತ್ತವೆ. ಈಗ ಪ್ರತಿ ಪಾತ್ರಕ್ಕೂ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಬರೆದ ಮಾದರಿ ಹಾಳೆಯೊಂದು ಹಲಗೆಯ ಮೇಲಿದೆ. ಕನ್ನಡಕ, ಗುಂಡಿ, ಬೈತಲೆ ಎಲ್ಲವೂ ಅದರಲ್ಲಿ ಗುರುತಾಗಿವೆ. ನೀವು ಕತ್ತರಿಸಿ, ಸುತ್ತು ಹಾಕಿ ಕಳಿಸಿದ ತುಣುಕುಗಳೂ ಅದರ ಪಕ್ಕದಲ್ಲೇ ಇವೆ. ಅಜ್ಜನಿಗೆ ಕನ್ನಡಕ ಹಾಕಿಸಿದ್ದೇವೆ. ಲೋಟವನ್ನು ಮೂಲಪ್ರತಿಯಲ್ಲೇ ಎಡಗೈಗೆ ಮರಳಿಸಿದ್ದೇವೆ.