ಮಗಳನ್ನು ಕೈಬಿಡದ ನಮ್ಮ ಸಿನಗಾಗ್‌ಗೆ

ಈ ಮೇ ತಿಂಗಳಲ್ಲಿ ಮಗಳ ಡಿಗ್ರಿ ಮುಗಿಯಿತು. ಅರ್ಬಾನಾ-ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ. ಫೋಟೋ ನೋಡಿ ಹರಸಿದ ಎಲ್ಲರಿಗೂ ನಮಸ್ಕಾರ. ಇವತ್ತು ಮಾತ್ರ ನಾನು ಥ್ಯಾಂಕ್ಸ್ ಹೇಳಬೇಕಾಗಿರುವುದು ಓಹಾಯೋದ ನಮ್ಮ ಯಹೂದಿ ಪ್ರಾರ್ಥನಾಲಯದ, ಅಂದರೆ ಸಿನಗಾಗ್‌ನ ಜನರಿಗೆ. ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಕೊಟ್ಟಾಗಿದೆ. ಇದು ತುಮಕೂರಿನ ನಮ್ಮ ಮನೆಯವರಿಗೆ, ಇಲ್ಲಿನ ಕನ್ನಡ ಕೂಟದ ಸ್ನೇಹಿತರಿಗೆ. ಮನೆ ಬಿಟ್ಟು ಹೋದ ನನ್ನ ಮಗಳನ್ನು ಯಾರು ನೋಡಿಕೊಂಡರು ಅಂತ ನಿಮಗೂ ಗೊತ್ತಾಗಲಿ.

ನನ್ನ ಗಂಡ ಯಹೂದಿ, ನಾನಲ್ಲ. ಹಳೆಯ ಕಟ್ಟಳೆಯ ಪ್ರಕಾರ ತಾಯಿ ಯಹೂದಿಯಾಗಿದ್ದರೆ ಮಾತ್ರ ಹುಟ್ಟಿದ ಮಕ್ಕಳು ಯಹೂದಿಗಳು. ಅಮೆರಿಕದಲ್ಲಿ ಯಹೂದಿಗಳ ಸುಧಾರಣಾವಾದಿ ಪಂಥವಾದ ರಿಫಾರ್ಮ್‌ನ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ ಇದನ್ನು ಬದಲಾಯಿಸಿದರು. ತಂದೆ ಯಹೂದಿಯಾದರೂ ಆಯಿತು, ಆದರೆ ಮಗು ಆ ಧರ್ಮದಲ್ಲೇ ಬೆಳೆದು, ಎಲ್ಲರೆದುರು ಅದನ್ನು ನಡೆಸಿ ತೋರಿಸಬೇಕು. ಹಾಗಾಗಿ ನನ್ನ ಮಗಳಿಗೆ ಈ ನಂಟು ತಾನಾಗಿಯೇ ಉಳಿದುಬಿಡುತ್ತೆ ಅನ್ನುವ ಹಾಗಿರಲಿಲ್ಲ. 'ನೀನು ಪೂರ್ತಿ ಯಹೂದಿ ಅಲ್ಲ ಅಲ್ವಾ?' ಅಂತ ಅವಳನ್ನು ಕೇಳಿದವರಿದ್ದಾರೆ. ನಮ್ಮ ಸಿನಗಾಗ್‌ನಲ್ಲಿ ಒಬ್ಬರೂ ಕೇಳಲಿಲ್ಲ.

ಹದಿಮೂರಕ್ಕೆ ಬಾತ್ ಮಿಟ್ಜ್ವಾ ಆಯಿತು, ಹುಡುಗಿ ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಳು ಅನ್ನುವ ಶಾಸ್ತ್ರ. ಅವರ ಧರ್ಮಗ್ರಂಥ ತೋರಾದ ಸುರುಳಿ ಬಿಚ್ಚಿ, ಹೀಬ್ರೂನಲ್ಲಿ ತನ್ನ ಪಾಲಿನ ಭಾಗ ಓದಿದಳು. ಅಮ್ಮ ತುಮಕೂರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಲ್ಲಿಗೆ ಮುಗಿಯಿತು ಅಂತ ಎಷ್ಟೋ ಮಕ್ಕಳು ಸಿನಗಾಗ್ ಕಡೆ ಬರುವುದನ್ನೇ ಬಿಡುತ್ತಾರೆ. ಈ ದೇಶದ ಸಿನಗಾಗ್‌ಗಳಿಗೆಲ್ಲ ಇರುವ ದೊಡ್ಡ ಚಿಂತೆ ಇದು. ನಮ್ಮವರು ಮಾಡಿದ್ದು ಇಷ್ಟೇ: ಮುಂದಿನ ವರ್ಷವೇ ಅವಳಿಗೊಂದು ಕೆಲಸ ಹಚ್ಚಿದರು. ಭಾನುವಾರದ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಅಲೆಫ್, ಬೆತ್ ಅನ್ನುವ ಹೀಬ್ರೂ ಅಕ್ಷರ ತಿದ್ದಿಸುವುದು. ಹೀಗೆ ಕಲಿಸುವ ಹುಡುಗ ಹುಡುಗಿಯರನ್ನು ಮದ್ರಿಖಿಮ್ ಅಂತಾರೆ. ಬೆಳಗ್ಗೆ ಏಳೋಕೆ ಗೊಣಗುತ್ತಿದ್ದಳು, ಆದರೂ ಹೋಗುತ್ತಿದ್ದಳು. ಅವಳು ಬರಲಿಲ್ಲ ಅಂದರೆ ಆ ಪುಟಾಣಿಗಳು ಸುಮ್ನೆ ಕೂರಬೇಕಲ್ಲ! ಹತ್ತನೇ ಕ್ಲಾಸಿನಲ್ಲಿ ಶಾವುವೋತ್ ಹಬ್ಬಕ್ಕೆ ಕನ್ಫರ್ಮೇಶನ್ ಕೂಡ ಆಯಿತು, ಈ ಧರ್ಮ ನನ್ನದು ಅಂತ ಎಲ್ಲರೆದುರು ಒಪ್ಪಿಕೊಳ್ಳುವ ಶಾಸ್ತ್ರ. ಬೇಸಿಗೆಯಲ್ಲಿ ಕ್ಯಾಂಪು, ನಡುನಡುವೆ ನಿಫ್ಟಿಯ ಶಿಬಿರ. ರಿಫಾರ್ಮ್ ಪಂಥದ ಹದಿಹರೆಯದವರ ಈ ಸಂಘ 1939ರಿಂದಲೂ ಇದೆ.

2020ರ ಆಗಸ್ಟ್. ಕೋವಿಡ್ ಮಧ್ಯೆ ಕಾಲೇಜಿಗೆ ಬಿಟ್ಟು ಬಂದೆವು. ವಾರಕ್ಕೆರಡು ಸಲ ಎಂಜಲಿನ ಪರೀಕ್ಷೆ, ಮಾಸ್ಕ್, ರೂಮಿನಲ್ಲೇ ಪಾಠ. ಸೆಪ್ಟೆಂಬರ್ 18ರ ಸಂಜೆ ರೋಶ್ ಹಶಾನಾ, ಅಂದರೆ ಅವರ ಹೊಸ ವರ್ಷ. ಹುಟ್ಟಿದಾಗಿನಿಂದ ಅವಳು ಮನೆಯಲ್ಲಿಲ್ಲದ ಮೊದಲ ಹಬ್ಬ. ಆ ವಾರವೇ ಅವಳಿಗೊಂದು ಡಬ್ಬ ಬಂತು. ವಿಡಿಯೋ ಕಾಲ್‌ನಲ್ಲಿ ನಮ್ಮೆದುರೇ ತೆಗೆದಳು. ಸೇಬಿಗೆ ಹಚ್ಚಿ ತಿನ್ನಲು ಜೇನಿನ ಪುಟ್ಟ ಬಾಟಲಿ, ಮುಚ್ಚಳಕ್ಕೆ ಮೂರು ಸುತ್ತು ಟೇಪು. ಕೆಳಗೆ ಕ್ರೇಯಾನ್‌ನಲ್ಲಿ ಬರೆದ ಕಾಗದಗಳು. ಅವಳು ಅಕ್ಷರ ಕಲಿಸಿದ ಮಕ್ಕಳದು. ಒಬ್ಬ ಆ ಹಬ್ಬಕ್ಕೆ ಊದುವ ಟಗರಿನ ಕೊಂಬು, ಶೋಫಾರ್, ಬರೆದು, ಅದರಿಂದ ಹೊರಡುವ ಸದ್ದನ್ನೂ ಹಳದಿ ಗೆರೆಗಳಲ್ಲಿ ಬಿಡಿಸಿದ್ದ. ಇನ್ನೊಬ್ಬಳು 'ಹೊಸ ಟೀಚರ್ ಹಾಡು ಹೇಳಿಕೊಡಲ್ಲ, ನೀನು ಯಾವಾಗ ಬರ್ತೀಯಾ?' ಅಂತ ಕೇಳಿದ್ದಳು. ಮಗಳು ನಕ್ಕಳು, ಆಮೇಲೆ ಅತ್ತಳು. ಹೋದಾಗಿನಿಂದ ಅವಳು ಅತ್ತಿರಲಿಲ್ಲ. ಒಳಗೇ ಕಟ್ಟಿಕೊಂಡಿದ್ದು ಅವತ್ತು ಬಿಟ್ಟುಕೊಂಡಿತು.

ಅದೇ ವರ್ಷ ಯೋಮ್ ಕಿಪ್ಪುರ್‌ಗೂ ಅವಳಿಗೆ ಕೆಲಸ ಬಂತು. ಆ ಉಪವಾಸದ ದಿನ ಮಧ್ಯಾಹ್ನ ಯೋನನ ಪುಸ್ತಕ ಓದುತ್ತಾರೆ. ದೇವರ ಮಾತಿಗೆ ಬೆನ್ನು ತಿರುಗಿಸಿ ಹಡಗು ಹತ್ತಿದವನ ಕತೆ. ಮೊದಲ ಅಧ್ಯಾಯ ನೀನೇ ಓದಬೇಕು ಅಂದರು. ಹಾಸ್ಟೆಲ್ ರೂಮಿನಿಂದ ಓದಿದಳು, ಇಲ್ಲಿ ನಾವೆಲ್ಲ ಪರದೆಯ ಮೇಲೆ ಕೇಳಿದೆವು.

ಪೂರಿಮ್ ಹಬ್ಬಕ್ಕೆ ಗಸಗಸೆ ತುಂಬಿದ ಮುಮ್ಮೂಲೆಯ ಬಿಸ್ಕತ್ತು, ಹಾಮನ್‌ತಾಶೆನ್, ಹೋಯಿತು. ಒಬ್ಬರಿಗೊಬ್ಬರು ತಿಂಡಿ ಕಳಿಸಬೇಕು ಅಂತ ಆ ಹಬ್ಬದ ಕತೆ ಇರುವ ಎಸ್ತೇರಳ ಪುಸ್ತಕದಲ್ಲೇ ಇದೆ. ದೀಪದ ಹಬ್ಬ ಹನುಕ್ಕಾ ಹೊತ್ತಿಗೆ ಪರೀಕ್ಷೆ ಅಂತ ಚಾಕೊಲೇಟು ಜಾಸ್ತಿ ಇಟ್ಟಿದ್ದರು. ಇದನ್ನೆಲ್ಲ ಮಾಡಿದ್ದು ರಿಟೈರಾದ ಕೆಲವು ಹಿರಿಯರು. ಡಬ್ಬ ಕಟ್ಟಿ, ಪೋಸ್ಟ್ ಆಫೀಸಿನಲ್ಲಿ ಸಾಲು ನಿಂತವರು ಅವರು. ಯಾವ ಮಗುವಿಗೆ ಕಡಲೆಬೀಜ ಆಗಲ್ಲ ಅನ್ನೋದೂ ಅವರಿಗೆ ನೆನಪು.

ಅವರ ಇನ್ನೊಂದು ಗುಣ ನನಗೆ ತುಂಬ ಹಿಡಿಸಿತು. ಮಗಳು ನಮ್ಮಲ್ಲೇ ಇರಬೇಕು ಅಂತ ಹಟ ಹಿಡಿಯಲಿಲ್ಲ. ಅವರೇ ಅಲ್ಲಿನ ಹಿಲೆಲ್ ಸಂಸ್ಥೆಗೆ ಫೋನ್ ಮಾಡಿ, ನಮ್ಮ ಹುಡುಗಿ ಬರ್ತಿದ್ದಾಳೆ, ನೋಡಿಕೊಳ್ಳಿ ಅಂದರು. ಕಾಲೇಜಿನ ಯಹೂದಿ ಮಕ್ಕಳಿಗಾಗಿ ಇರುವ ಈ ಹಿಲೆಲ್ ಶುರುವಾಗಿದ್ದೇ ಇಲಿನಾಯ್‌ನ ಆ ಕ್ಯಾಂಪಸ್‌ನಲ್ಲಿ, 1923ರಲ್ಲಿ. ಕೋವಿಡ್ ಇಳಿದ ಮೇಲೆ ಶುಕ್ರವಾರ ಸಂಜೆಯ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನದ, ಊಟ ಅವಳಿಗೆ ಅಲ್ಲೇ.

2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ಹಮಾಸ್ ದಾಳಿಯಾಗಿ, ಗಾಜಾ ಯುದ್ಧ ಶುರುವಾದ ನಂತರ ಕ್ಯಾಂಪಸ್‌ಗಳು ಹೇಗಿದ್ದವು ಅಂತ ನಿಮಗೆಲ್ಲ ಗೊತ್ತು. ಅವಳು ಗೆಳೆಯರ ಜೊತೆ ಮಾತಾಡೋಕೂ ಅಳೆದು ತೂಗುತ್ತಿದ್ದಳು. ರಬ್ಬಿ ಅವರೇ ಫೋನ್ ಮಾಡಿದರು. ಯಾವ ಅಭಿಪ್ರಾಯವನ್ನೂ ಕೇಳಲಿಲ್ಲ. ಊಟ ಆಯ್ತಾ, ನಿದ್ದೆ ಬರ್ತಿದೆಯಾ, ಜೊತೆಗೆ ಯಾರಿದ್ದಾರೆ ಅಂತ ಕೇಳಿದರು. ರಬ್ಬಿಯವರೇ, ಆ ಫೋನಿಗೆ ನಾನು ಯಾವತ್ತೂ ಋಣಿ.

ಡಬ್ಬ ಕಟ್ಟಿದ ಹಿರಿಯರಿಗೆ, ಕ್ರೇಯಾನ್ ಹಿಡಿದ ಮಕ್ಕಳಿಗೆ, ಹಿಲೆಲ್‌ನವರಿಗೆ ನಮ್ಮ ಮನೆಯವರೆಲ್ಲರ ಕೈಮುಗಿದ ನಮಸ್ಕಾರ.

ಕೂಟದ ಸ್ನೇಹಿತರೇ, ನಮ್ಮಲ್ಲೂ ಈ ಆಗಸ್ಟ್‌ನಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದಾರೆ. ಅವರ ಹಾಸ್ಟೆಲ್ ವಿಳಾಸ ನನಗೆ ಕಳಿಸಿ. ದೀಪಾವಳಿಗೆ ಕೋಡುಬಳೆ, ಚಕ್ಕುಲಿ ಕಳಿಸೋಣ. ರಾಜ್ಯೋತ್ಸವಕ್ಕೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಚ್ಚೋಣ. ಪ್ಯಾಕಿಂಗ್ ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಣ.