ತಡವಾಗಿ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ

ಮಾನ್ಯರೇ,

ಚಿಕ್ಕಬಳ್ಳಾಪುರದ ಕಾಲೇಜೊಂದರ ಮುಂದೆ ಕಳೆದ ವಾರ ಹತ್ತಾರು ವಿದ್ಯಾರ್ಥಿಗಳು ಮುಚ್ಚಿದ ಗೇಟಿನ ಹೊರಗೆ ನಿಂತಿದ್ದರು. ಒಬ್ಬ ಹುಡುಗಿ ಶಕ್ತಿ ಯೋಜನೆಯ ಟಿಕೆಟಿನಲ್ಲಿ ಮುದ್ರಿತವಾಗಿದ್ದ ಸಮಯವನ್ನು ಕಾವಲುಗಾರರಿಗೆ ತೋರಿಸಿ ಅಂಗಲಾಚುತ್ತಿದ್ದಳು. ಗುಡಿಬಂಡೆ, ಮಂಚೇನಹಳ್ಳಿ ಕಡೆಯ ಹಳ್ಳಿಗಳ ಮಕ್ಕಳಿಗೆ ಬೆಳಗಿನ ಬಸ್ಸು ತಡವಾದರೆ ಮೊದಲ ಪೀರಿಯಡ್ ಕೈತಪ್ಪಿದಂತೆಯೇ ಸರಿ.

ಪಾಠದ ನಡುವೆ ಬಾಗಿಲು ತಟ್ಟಿದರೆ ಉಪನ್ಯಾಸಕರ ಓಘವೂ ಉಳಿದವರ ಗಮನವೂ ಕೆಡುತ್ತದೆ, ನಿಜ. ಆದರೆ ಪಿಯು ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಕಡ್ಡಾಯವಾಗಿರುವಾಗ, ಹತ್ತು ನಿಮಿಷ ತಡವಾದವರಿಗೆ ಇಡೀ ಗಂಟೆಯ ಪಾಠವನ್ನೂ ಹಾಜರಾತಿಯನ್ನೂ ತಪ್ಪಿಸುವುದು ತಪ್ಪಿಗೆ ಮೀರಿದ ಶಿಕ್ಷೆಯಾಗುತ್ತದೆ.

ತಡವಾಗಿ ಬಂದವರು ಸದ್ದಿಲ್ಲದೆ ಕೊನೆಯ ಬೆಂಚಿನಲ್ಲಿ ಕೂರಲಿ. ಕಾರಣವನ್ನು ಪಾಠ ಮುಗಿದ ಮೇಲೆ ಕೇಳಿ ಪುಸ್ತಕವೊಂದರಲ್ಲಿ ಬರೆದಿಟ್ಟರೆ, ಬಸ್ಸಿನಿಂದಾಗಿ ತಡವಾದವರು ಯಾರು, ನಿಲ್ದಾಣದಲ್ಲಿ ಹರಟುತ್ತ ನಿಂತವರು ಯಾರು ಎಂಬುದು ತಿಂಗಳೊಳಗೆ ತಿಳಿಯುತ್ತದೆ. ಹರಟುವವರ ಪೋಷಕರನ್ನು ಕರೆಸಿ ಮಾತನಾಡಲಿ. ಬಸ್ಸಿನ ತೊಂದರೆ ಇರುವವರ ಊರು ಮತ್ತು ಸಮಯದ ವಿವರವನ್ನು ಪ್ರಾಂಶುಪಾಲರು ಸಾರಿಗೆ ಡಿಪೊ ವ್ಯವಸ್ಥಾಪಕರಿಗೆ ಲಿಖಿತವಾಗಿ ಕಳುಹಿಸಿ, ಬಸ್ಸನ್ನು ಅರ್ಧ ಗಂಟೆ ಮೊದಲೇ ಬಿಡುವಂತೆ ಕೋರಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಪೋಷಕ, ಗುಡಿಬಂಡೆ